ಅಪ್ಪನ ಡಾಲರ್‌ಗಳಿಗೆ ನೀನು ಕೊಟ್ಟ ಹೊಳಪು

ಅಣ್ಣಾ,

‘ಪ್ರೀತಿಯ’ ಎಂದು ಸೇರಿಸಲು ಕೈ ಬರಲಿಲ್ಲ. ಬರೀ ಅಣ್ಣ ಎಂದಷ್ಟೇ ಇಟ್ಟುಕೋ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಮಾತು ಜೋರಾಗಿ ಆಡಿದರೆ ಸಾಕು, ನೀನು ‘ಆಯ್ತು ಬಿಡೇ, ಗಿರಾಕಿ ಬಂದ್ರು’ ಎಂದು ಇಟ್ಟುಬಿಡುತ್ತೀಯ. ನಿನ್ನ ಅಂಗಡಿಯ ಗಿರಾಕಿಗಳೆಲ್ಲ ನಾನು ಬಾಯಿ ತೆರೆಯುವುದನ್ನೇ ಬಾಗಿಲಲ್ಲಿ ಕಾಯುತ್ತಿರುತ್ತಾರೆ ಎಂದು ಕಾಣುತ್ತದೆ. ಕೋಪ ಇಳಿದ ಮೇಲೆ ಬರೆಯೋಣವೆಂದು ಸುಮ್ಮನಿದ್ದೆ. ಇಳಿಯಲಿಲ್ಲ. ನಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ನಿಂತು ಯಾರಿಗೋ ಕೆಮ್ಮಿನ ಸಿರಪ್ ಕೊಡುತ್ತಿರುವಾಗಲೂ ನಿನ್ನ ನೆನಪಾಗಿ ಮೈ ಉರಿಯುತ್ತದೆ. ಗಿರಾಕಿ ‘ಯಾಕಮ್ಮಾ, ನಾನೇನಂದೆ?’ ಎನ್ನುತ್ತಾನೆ.

ವಿಷಯ ಏನೆಂದು ನಿನಗೆ ಗೊತ್ತು. ಅಪ್ಪನ ಬೆಳ್ಳಿ ಡಾಲರ್ ನಾಣ್ಯಗಳು. ಅವರ ಹುಟ್ಟುಹಬ್ಬಕ್ಕೆಂದು ನೀನು ಉಜ್ಜಿ, ನೀಲಿ ಮಖಮಲ್ಲಿನ ತಟ್ಟೆಯಲ್ಲಿ ಜೋಡಿಸಿ ತಂದೆಯಲ್ಲ, ಅವೇ. ‘ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀಯಾ?’ ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೌದು, ಅದನ್ನೇ ಹಿಡಿದುಕೊಂಡು ಕೂತಿದ್ದೇನೆ. ನೀನು ಏನನ್ನು ಅಳಿಸಿಹಾಕಿದೆ ಎಂಬುದು ನಿನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಹೇಳದೆ ನಾನು ಬಿಡುವವಳಲ್ಲ.

ಅಪ್ಪ ಜೀವಮಾನವಿಡೀ ಬ್ಯಾಡ್ಜು, ಸಮವಸ್ತ್ರದ ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಅಚ್ಚು ಕೊರೆದವರು. ಉಕ್ಕಿನ ತುಂಡಿನಲ್ಲಿ ಎಲ್ಲವನ್ನೂ ತಿರುಗುಮುರುಗಾಗಿ ಕೊರೆಯುತ್ತಿದ್ದರು. ಆ ಉಕ್ಕು ಬಂದು ತಗಡಿನ ಮೇಲೆ ಬಿದ್ದರೆ ಸಿಂಹವೋ ಲಂಗರೋ ಮೂಡುತ್ತಿತ್ತು. ನಿವೃತ್ತಿಯ ದಿನ ಮಾಲೀಕರು ಕೈಗೊಂದು ಅಮೆರಿಕದ ಹಳೆಯ ಬೆಳ್ಳಿ ಡಾಲರ್ ಇಟ್ಟು ಕಳಿಸಿದರು. ಒಂದು ಬದಿಗೆ ಹೆಂಗಸಿನ ತಲೆ, ಇನ್ನೊಂದು ಬದಿಗೆ ಹದ್ದು. ನಾವೆಲ್ಲ ‘ಅಬ್ಬಾ, ಬೆಳ್ಳಿ!’ ಎಂದು ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ ಅಪ್ಪ ತಮ್ಮ ಭೂತಗನ್ನಡಿ ತೆಗೆದು ನೋಡಿ, ‘ಅಚ್ಚು ಬಿರುಕು ಬಿಟ್ಟಿದೆ. ಆದ್ರೂ ಹೊಡೀತಾನೇ ಹೋಗಿದಾರೆ, ಭಂಡರು!’ ಎಂದು ನಕ್ಕಿದ್ದರು. ಎಂದೋ ಸತ್ತುಹೋದ ಯಾವನೋ ಕೆಲಸಗಾರನ ಗುಟ್ಟು ಕೈಗೆ ಸಿಕ್ಕಷ್ಟು ಖುಷಿ ಅವರಿಗೆ.

ಅಲ್ಲಿಂದ ಶುರುವಾಯಿತು. ಸ್ಟೇಷನ್ ಪಕ್ಕದ ಹಳೇ ನಾಣ್ಯದ ಅಂಗಡಿಗೆ ಹೋಗುವುದು, ಅದೇ ವರ್ಷದ, ಅದೇ ಟಂಕಸಾಲೆಯ ಡಾಲರ್‌ಗಳನ್ನು ರಾಶಿ ಹಾಕಿಸುವುದು, ಅಂಗಡಿಯವನ ತಲೆ ತಿಂದು ಒಂದೋ ಎರಡೋ ಆರಿಸಿ ತರುವುದು. ನೀನು ಒಮ್ಮೆ ಬಂದಾಗ ಕೇಳಿದ್ದೆ, ನೆನಪಿದೆಯೇ? ‘ಎಲ್ಲಾ ಒಂದೇ ಥರ ಇದೆಯಲ್ಲಪ್ಪಾ. ಬೇರೆ ಬೇರೆ ವರ್ಷದ್ದು ತಗೋಬಾರ್ದಾ?’ ಅಪ್ಪ ಎಷ್ಟು ನಯವಾಗಿ ಉತ್ತರ ಕೊಟ್ಟರು! ‘ಸುಮ್ನೆ ಕಣಪ್ಪಾ, ಹೊತ್ತು ಹೋಗ್ಬೇಕಲ್ಲ.’ ಅದೇ ಪ್ರಶ್ನೆಯನ್ನು ನಾನು ಕೇಳಿದ್ದಕ್ಕೆ ಏನು ಸಿಕ್ಕಿತ್ತು ಗೊತ್ತೇ? ‘ನಿನ್ನ ಮುಖದಲ್ಲಿರೋದು ಕಣ್ಣೋ, ನಮ್ಮ ಕಾರ್ಖಾನೆ ಗುಂಡಿಯೋ?’

ಆಮೇಲೆ ಅವರ ಕಣ್ಣಿನ ನರವೇ ಒಣಗುತ್ತಾ ಬಂತು. ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಎಂಬಷ್ಟು ಮಾತ್ರ ಉಳಿಯಿತು. ನೀನು ಆಸ್ಪತ್ರೆಯ ಖರ್ಚು ಕಳಿಸಿದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ‘ನೋಡಿ ಹೇಳು’ ಎಂದರಲ್ಲ, ಆಗ ನೀನು ಅಲ್ಲಿರಲಿಲ್ಲ. ಇನ್ನೊಬ್ಬರ ಕಣ್ಣು ಕೇಳಲು ಅಪ್ಪನಂಥ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕು, ನೀನೇ ಯೋಚಿಸು.

ನನಗೆ ಏನೂ ಬರುತ್ತಿರಲಿಲ್ಲ. ಮಾತ್ರೆಯ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದುವ ಕಣ್ಣು, ಇದೇನು ಮಹಾ ಎಂದುಕೊಂಡು ಕೂತೆ. ಮೊದಲ ದಿನವೇ ಸೊಕ್ಕು ಇಳಿಯಿತು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಮುಖಕ್ಕೆ ಬೆರಳು ತಾಗಿದರೆ ಮುಗಿಯಿತು, ಅಪ್ಪನಿಗೆ ಅದು ಹೇಗೋ ಗೊತ್ತಾಗುತ್ತಿತ್ತು. ದೀಪ ಮೇಲಿನಿಂದ ಬೇಡ, ಪಕ್ಕದಿಂದ ಬೀಳಬೇಕು. ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಬೇಕು. ‘ಕೆನ್ನೆ ಮೇಲೊಂದು ಗೀರಿದೆ’ ಎಂದೆ. ‘ಉಬ್ಬಿದೆಯೋ, ತಗ್ಗಿದೆಯೋ?’ ಎಂದರು. ‘ಗೀರು ಅಂದ್ರೆ ಗೀರು ಅಪ್ಪಾ’ ಎಂದೆ. ಅವತ್ತು ನನಗೆ ಬಿದ್ದ ಬೈಗುಳಕ್ಕೆ ಅಮ್ಮ ಅಡುಗೆಮನೆಯಿಂದ ಓಡಿಬಂದಿದ್ದಳು.

ಇಡೀ ವಿದ್ಯೆಯ ಬೇರು ಅದೇ ಅಣ್ಣಾ. ಅಚ್ಚಿನಲ್ಲಿ ಗೀರು ಬಿದ್ದಿದ್ದರೆ ಬೆಳ್ಳಿ ಆ ಗೀರಿನೊಳಗೆ ನುಗ್ಗುತ್ತದೆ, ಆದ್ದರಿಂದ ನಾಣ್ಯದಲ್ಲಿ ಅದು ಉಬ್ಬಿ ಬರುತ್ತದೆ. ಜೇಬಿನಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ ಉರುಳಾಡಿ ಬಿದ್ದ ಗೀರು ತಗ್ಗಾಗಿರುತ್ತದೆ. ಉಬ್ಬಿದ್ದು ಅಚ್ಚಿನದು, ತಗ್ಗಿದ್ದು ನಾಣ್ಯದ್ದು. ತಗ್ಗಿದ್ದನ್ನು ಮರೆತುಬಿಡು, ಉಬ್ಬಿದ್ದನ್ನು ಹಿಂಬಾಲಿಸು. ಹೇಳಲು ಎಷ್ಟು ಸುಲಭ! ಭೂತಗನ್ನಡಿಯ ಕೆಳಗೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಂಡು ಆಟವಾಡಿಸುತ್ತದೆ. ಬೆಳಕನ್ನು ಆ ಕಡೆಯಿಂದ ಈ ಕಡೆಗೆ ಬದಲಿಸಿ ನೋಡಬೇಕು. ಒಂದು ಸಲ ‘ಗದ್ದದ ಕೆಳಗೆ ಏನೋ ಕೊಳೆ ಕೂತಿದೆ ಅಪ್ಪಾ, ಒರೆಸ್ಲಾ?’ ಎಂದೆ. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ‘ಕೊಳೆ ಅಲ್ವೇ ಕತ್ತೆ! ಅದು ಹದ್ದಿನ ರೆಕ್ಕೆ!’ ಬೆಳ್ಳಿಯ ಬಿಲ್ಲೆ ಇಡಲು ಮರೆತು ಯಂತ್ರ ಹೊಡೆದಾಗ ಮೇಲಿನ ಅಚ್ಚು, ಕೆಳಗಿನ ಅಚ್ಚು ಒಂದಕ್ಕೊಂದು ಬಡಿದುಕೊಂಡು, ಹಿಂದಿನ ಹದ್ದಿನ ಗೆರೆ ಮುಂದಿನ ಹೆಂಗಸಿನ ಕುತ್ತಿಗೆಗೆ ಹತ್ತಿಕೊಂಡಿತ್ತು. ಅಪ್ಪ ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬಂದವರಿಗೆಲ್ಲ ‘ನನ್ನ ಮಗಳು ಹದ್ದನ್ನ ಒರೆಸೋಕೆ ಹೊರಟಿದ್ಲು’ ಎಂದು ಹೇಳಿ ನನ್ನ ಮಾನ ಕಳೆದರು.

ಹೀಗೆ ಬೈಸಿಕೊಂಡು, ಅತ್ತು, ಮುನಿಸಿಕೊಂಡು, ಮತ್ತೆ ಹೋಗಿ ಕೂತು ನಾನು ಕಲಿತೆ. ಮನೆಯವರು ‘ನಿಂಗೆ ಭಾನುವಾರ ಅನ್ನೋದೇ ಇಲ್ವಾ?’ ಎಂದು ಗೊಣಗುತ್ತಿದ್ದರು. ನನಗೆ ಇದ್ದದ್ದೇ ಭಾನುವಾರ. ಕೊನೆಗೆ ನಾವಿಬ್ಬರೂ ಸೇರಿ ಒಂದು ಕೆಲಸ ಮುಗಿಸಿದೆವು. ಆ ಅಂಗಡಿಯ ರಾಶಿಯಿಂದ ಒಂದೇ ಅಚ್ಚಿನಿಂದ ಹುಟ್ಟಿದ ಡಾಲರ್‌ಗಳನ್ನೆಲ್ಲ ಹೆಕ್ಕಿದೆವು. ಗುರುತು ಇಷ್ಟೇ: ವರ್ಷದ ಅಂಕಿಗಳಲ್ಲಿ ಎಂಟರ ಕೆಳಗಿನ ಸುತ್ತಿನೊಳಗೆ ಇನ್ನೊಂದು ಎಂಟರ ತುಣುಕು ಇಣುಕುತ್ತಿತ್ತು. ಅಂಕಿ ಹೊಡೆದವನ ಕೈ ಮೊದಲ ಸಲ ಒಂದಿಷ್ಟು ಜಾರಿದೆ, ಅವನು ಸರಿಮಾಡಿ ಮತ್ತೆ ಹೊಡೆದಿದ್ದಾನೆ. ಆ ತುಣುಕಿರುವ ಡಾಲರ್‌ಗಳನ್ನು ಸಾಲಾಗಿ ಇಟ್ಟರೆ, ಮೊದಲನೆಯದರಲ್ಲಿ ಎಲ್ಲವೂ ಚೊಕ್ಕ. ಮುಂದಿನದರಲ್ಲಿ ತಲೆಯ ಸುತ್ತಲಿನ ಒಂದು ನಕ್ಷತ್ರದ ತುದಿಯಿಂದ ಕೂದಲೆಳೆಯ ಬಿರುಕು. ಆಮೇಲೆ ಕುತ್ತಿಗೆಯಲ್ಲಿ ಹದ್ದಿನ ರೆಕ್ಕೆ. ಅದನ್ನು ಅಳಿಸಲು ಯಾರೋ ಅಚ್ಚನ್ನು ಉಜ್ಜಿದ ನವಿರು ಗೆರೆಗಳು. ಬಿರುಕು ಬೆಳೆದು ಮೂಗಿನವರೆಗೆ ಬರುತ್ತದೆ. ಕೊನೆಯದರ ಹೊತ್ತಿಗೆ ಅಚ್ಚಿನ ಅಂಚಿನದೇ ಒಂದು ಚೂರು ಒಡೆದು, ನಾಣ್ಯದಲ್ಲಿ ಅಲ್ಲೊಂದು ಬೆಳ್ಳಿಯ ಗಂಟು. ಅಲ್ಲಿಗೆ ಅಚ್ಚು ಸತ್ತಿತು.

ಆ ಸಾಲು ಪೂರ್ತಿಯಾದ ದಿನ ಅಪ್ಪ ಅವನ್ನು ಜೋಡಿಸಿಟ್ಟ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ನಿನಗೂ ಹೇಳುತ್ತೇನೆ. ‘ಅಚ್ಚು ಮಾಡೋನ ಹೆಸರು ಯಾರಿಗೂ ಬೇಡ. ಅಚ್ಚು ಮುರಿದ ದಿನ ಅದನ್ನ ಗುಜರಿಗೆ ಎಸೀತಾರೆ. ಆದ್ರೆ ಈ ಅಚ್ಚು ಹೇಗೆ ಹುಟ್ತು, ಹೇಗೆ ಬಾಳ್ತು, ಹೇಗೆ ಸತ್ತೋಯ್ತು, ಎಲ್ಲಾ ಇಲ್ಲಿದೆ ನೋಡು. ಅವನ ಕೈ ಜಾರಿದ್ದೂ ಇದೆ.’ ತಾವು ಕೊರೆದ ಒಂದೇ ಒಂದು ಅಚ್ಚನ್ನೂ ಮನೆಗೆ ತರಲಾಗದ ಮನುಷ್ಯ ಆಡಿದ ಮಾತು ಅಣ್ಣಾ ಅದು.

ಆ ಪೆಟ್ಟಿಗೆಯನ್ನು ಅಮ್ಮ ಸದ್ದಿಲ್ಲದೆ ಎತ್ತಿ ನಿನಗೆ ಕೊಟ್ಟಳು. ನೀನು ಅದನ್ನು ನಿನ್ನ ಪಾಲಿಶ್ ಅಂಗಡಿಗೆ ಒಯ್ದೆ. ನಲ್ಲಿ, ಮೆಟ್ಟಿಲ ಕಂಬಿ, ಬಹುಮಾನದ ಕಪ್ಪುಗಳಿಗೆ ಹೊಳಪು ಕೊಡುವ ಅದೇ ಬಟ್ಟೆಯ ಚಕ್ರಕ್ಕೆ, ಅದೇ ಹಸಿರು ಮೇಣ ಸವರಿ, ಒಂದೊಂದಾಗಿ ಹಿಡಿದೆ. ಬಿರುಕು ಹೋಯಿತು. ರೆಕ್ಕೆ ಹೋಯಿತು. ಎಂಟರೊಳಗಿನ ಎಂಟೂ ಹೋಯಿತು. ಹೆಂಗಸಿನ ಕೂದಲು ಸೋಪಿನಷ್ಟು ನುಣ್ಣಗಾಯಿತು. ಹುಟ್ಟುಹಬ್ಬದ ದಿನ ನೀನು ತಟ್ಟೆಯ ಮೇಲಿನ ಬಟ್ಟೆ ಸರಿಸಿದಾಗ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯಾಕೆ ‘ಏನು ಹೊಳಪು, ಏನು ಹೊಳಪು!’ ಎಂದಳು. ಅಪ್ಪ ನಗುತ್ತಾ ಕೂತಿದ್ದರು.

ನೀನು ನನ್ನ ಮುಖ ನೋಡಿದೆ, ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದೆ. ‘ಮಸಿ ಹಿಡಿದು ಕೂತಿತ್ತು ಕಣೇ. ನಾಲ್ಕು ಜನ ಬರ್ತಾರೆ, ನೋಡಿ ನಗಲ್ವಾ?’ ಎಂದೆ. ನಾನು ವಿವರಿಸಲು ಹೋದರೆ ಅರ್ಧ ಕೇಳುವಷ್ಟರಲ್ಲೇ ನಿನ್ನ ಮುಖದ ಬಣ್ಣ ಇಳಿಯಿತು. ಏನೋ ಎಡವಟ್ಟಾಗಿದೆ ಎಂದು ನಿನಗೆ ಗೊತ್ತಾಯಿತು, ಇಲ್ಲವೆನ್ನಬೇಡ. ಆಗ ನೀನು ಆಡಿದ ಮಾತನ್ನೇ ನಾನು ಕ್ಷಮಿಸಲಾರೆ. ‘ಅವ್ರಿಗೇನು ಕಾಣುತ್ತಾ? ನೀನು ಬಾಯಿ ಬಿಡ್ದಿದ್ರೆ ಗೊತ್ತೇ ಆಗಲ್ಲ.’ ಅಮ್ಮ ಪಕ್ಕದಲ್ಲಿ ನಿಂತು ‘ಹೌದು ಕಣೇ, ಸುಮ್ನಿರು, ಒಳ್ಳೇ ದಿನ’ ಎಂದಳು. ಎಷ್ಟು ಸುಲಭವಾಗಿ ಕೈ ತೊಳೆದುಕೊಂಡಿರಿ ಇಬ್ಬರೂ! ಕಾಣದ ಮನುಷ್ಯನಿಗೆ ಏನು ಮಾಡಿದರೂ ನಡೆಯುತ್ತದೆಯೇ? ನೀನು ಊಟ ಮುಗಿಸಿ ಗಾಡಿ ಹತ್ತಿದೆ. ಮುಂದಿನ ಭಾನುವಾರ ಕಿಟಕಿಯ ಪಕ್ಕ ಕೂರಬೇಕಾದವಳು ನಾನು.

ಕೂತೆ. ಅಪ್ಪ ನಾಣ್ಯವೊಂದನ್ನು ಅಂಚಿನಲ್ಲಿ ಹಿಡಿದು ಕೊಟ್ಟು, ‘ಇದ್ಯಾವ್ದು, ಓದು’ ಎಂದರು. ಭೂತಗನ್ನಡಿಯಲ್ಲಿ ನನಗೆ ಕಂಡದ್ದು ನನ್ನದೇ ಮುಖ. ಇಲ್ಲದ ಬಿರುಕನ್ನು ಇದೆ ಎಂದೆ. ಇಲ್ಲದ ರೆಕ್ಕೆಯನ್ನು ಇದೆ ಎಂದೆ. ಎಲ್ಲವೂ ಬಾಯಿಪಾಠ ಇತ್ತಲ್ಲ, ಒದರಿದೆ. ಅದರ ಮುಂದಿನ ಭಾನುವಾರವೂ ಒದರಿದೆ. ಅದಕ್ಕೂ ಮುಂಚೆ ನಾಣ್ಯದ ವಿಷಯದಲ್ಲಿ ನಾನು ಅಪ್ಪನಿಗೆ ಒಂದು ಸುಳ್ಳೂ ಹೇಳಿದವಳಲ್ಲ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳಿ ಬೈಸಿಕೊಂಡವಳು. ನಿನ್ನ ತಟ್ಟೆಯನ್ನು ಕಾಪಾಡಲು ನನ್ನನ್ನು ಸುಳ್ಳಿಯನ್ನಾಗಿ ಮಾಡಿದೆ. ಅದೂ ಕಣ್ಣು ಕಾಣದವರ ಮುಂದೆ, ಅವರ ಕಣ್ಣಾಗಿ ಕೂತವಳನ್ನು. ಮನೆಗೆ ಬಂದು ಪಾತ್ರೆಗಳನ್ನು ದಬದಬ ಎಸೆದದ್ದೇ ಎಸೆದದ್ದು.

ಹೋದ ಭಾನುವಾರ ಅಪ್ಪ ನನ್ನನ್ನು ನಡುವೆಯೇ ತಡೆದರು. ‘ಸಾಕು ಬಿಡು’ ಎಂದರು. ‘ಯಾಕಪ್ಪಾ?’ ಎಂದೆ. ‘ನೀನು ತಡವರಿಸೋದನ್ನ ನಿಲ್ಲಿಸ್ಬಿಟ್ಟಿದೀಯ. ಮೊದ್ಲು ಒಂದು ಗೆರೆ ಹೇಳೋಕೆ ನೂರು ಸಲ ನಾಣ್ಯ ತಿರುಗಿಸ್ತಿದ್ದೆ. ಇರಿ ಅಪ್ಪಾ, ಇಲ್ಲ ಅಪ್ಪಾ, ಅಲ್ಲ ಅನ್ಸುತ್ತೆ ಅಪ್ಪಾ ಅಂತಿದ್ದೆ. ಈಗ ಪಾಠ ಒಪ್ಪಿಸೋ ಮಗು ಥರ ಹೇಳ್ತಿದೀಯ. ನೀನು ನೋಡ್ತಿಲ್ಲ. ನೋಡೋಕೆ ಅಲ್ಲೇನೂ ಇಲ್ಲ ತಾನೇ?’ ನಾನು ಭೂತಗನ್ನಡಿ ಕೆಳಗಿಟ್ಟೆ. ‘ಆವತ್ತೇ ಅನುಮಾನ ಬಂತು. ಹೊಳಪು ಹೊಳಪು ಅಂದ್ರಲ್ಲ ಎಲ್ರೂ. ನನ್ನ ಡಾಲರ್ ಯಾವತ್ತು ಹೊಳೀತಿತ್ತು?’ ಎಂದು, ನನ್ನ ಕೈಯಿಂದ ನಾಣ್ಯ ಇಸಿದುಕೊಂಡು, ಅಣ್ಣಾ, ಅಪ್ಪ ಅದರ ಮುಖದ ಮೇಲೆ ಹೆಬ್ಬೆರಳು ಇಟ್ಟರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಇಟ್ಟವರಲ್ಲ. ಮೆಲ್ಲಗೆ, ಸುತ್ತಲೂ ಸವರಿದರು.

ಬೈಯುತ್ತಾರೆ ಎಂದು ನಾನು ಕಾದೆ. ನಿನ್ನ ಹೆಸರನ್ನು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಪಾಲಿಶ್ ಚಕ್ರ ಇರುವ ಮಗ ಅವರಿಗೆ ಒಬ್ಬನೇ ತಾನೇ. ನಾಣ್ಯವನ್ನು ಮತ್ತೆ ನನ್ನ ಕೈಗಿಟ್ಟು ಕೇಳಿದ್ದು ಏನು ಗೊತ್ತೇ? ‘ಬೆಳಕಿಗೆ ಹಿಡಿದು ಹೇಳು. ಎಲ್ಲಾದ್ರೂ ಅಲೆ ಎದ್ದಿದ್ಯಾ?’ ಇಲ್ಲ ಎಂದೆ. ‘ಅಂಚಿನ ಹತ್ರ ಸುಟ್ಟ ಕಲೆ?’ ಇಲ್ಲ ಎಂದೆ. ‘ಕೆನ್ನೆ ಕಡೆ ಒತ್ತಡ ಹೆಚ್ಚಾಗಿ ಹಳ್ಳ ಬಿದ್ದಿದ್ಯಾ?’ ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ ನೋಡಿದೆ. ಬಿದ್ದಿರಲಿಲ್ಲ. ನಿಜ ಹೇಳಬೇಕಲ್ಲ, ಕನ್ನಡಿಯ ಹಾಗಿತ್ತು. ‘ಇಷ್ಟು ಸಣ್ಣ ಬಿಲ್ಲೇನ ಚಕ್ರಕ್ಕೆ ಸಮನಾಗಿ ಹಿಡಿಯೋದು ಸುಲಭ ಅಲ್ಲ. ಕೈ ಪಳಗಿದೆ ಅವನದು’ ಎಂದರು ಅಪ್ಪ. ಅವರ ಮುಖದಲ್ಲಿ ಹೆಮ್ಮೆ ಇತ್ತು ಅಣ್ಣಾ! ನಾನು ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದಕ್ಕೆ ಸಿಕ್ಕಿದ್ದು ಕತ್ತೆ, ಗುಂಡಿ, ಮಂಕುದಿಣ್ಣೆ. ನೀನು ಎಲ್ಲವನ್ನೂ ನುಣ್ಣಗೆ ಹಾಳುಮಾಡಿದ್ದಕ್ಕೆ ಸಿಕ್ಕಿದ್ದು ಶಹಬ್ಬಾಸ್‌ಗಿರಿ. ಹೊಟ್ಟೆಕಿಚ್ಚು ಎಂದುಕೊಳ್ಳುತ್ತೀಯಾ? ಹೌದು, ಹೊಟ್ಟೆಕಿಚ್ಚೇ. ಎದ್ದು ನಿಂತು ಕೂಗಾಡಿದೆ. ‘ಹಾಳು ಮಾಡಿದೋನನ್ನ ಹೊಗಳ್ತೀರಲ್ಲಪ್ಪಾ!’ ಎಂದೆ.

ಅದಕ್ಕೆ ಅಪ್ಪ, ‘ಅವನಿಗೆ ಹೇಳ್ಬೇಡ. ಪಾಪ, ಪ್ರೀತಿಯಿಂದ ಮಾಡಿದಾನೆ, ನೊಂದ್ಕೋತಾನೆ’ ಎಂದರು.

ನೋಡು ಈಗ ನನ್ನ ಅವಸ್ಥೆ. ಅಪ್ಪನಿಗೆ ಹೇಳಬೇಡ ಎಂದು ನೀನು. ಅವನಿಗೆ ಹೇಳಬೇಡ ಎಂದು ಅಪ್ಪ. ಇಬ್ಬರ ಬೀಗವೂ ನನ್ನ ಬಾಯಿಗೇ. ‘ಹೋಗ್ಲಿ ಬಿಡಿ, ಮತ್ತೆ ಹುಡುಕೋಣ. ಅಂಗಡಿಯವನ ಹತ್ರ ಅದೇ ವರ್ಷದ್ದು ಹೊಸ ರಾಶಿ ಬಂದಿದೆಯಂತೆ’ ಎಂದೆ. ಅಪ್ಪ ತಲೆಯಾಡಿಸಿದರು. ‘ಬೇಡ. ಅವನು ಬಂದಾಗ ಹೊಸದ್ಯಾಕೆ ಅಂತ ಕೇಳ್ತಾನೆ. ಆಗ ಗೊತ್ತಾಗ್ಬಿಡುತ್ತೆ.’ ತಟ್ಟೆಯನ್ನು ಬೀರುವಿನ ಮೇಲೆ ಇಡಿಸಿದರು. ‘ನಿನಗೂ ಮನೆ ಇದೆ, ಭಾನುವಾರ ರೆಸ್ಟ್ ತಗೋ’ ಎಂದರು. ಆ ನಯವಾದ ದನಿಯನ್ನು ಅವರು ನನ್ನ ಮೇಲೆ ಎಂದೂ ಬಳಸಿದವರಲ್ಲ. ಅಮ್ಮ ಹೇಳುತ್ತಾಳೆ, ಈಗ ಬೆಳಿಗ್ಗೆ ಕಿಟಕಿಯ ಪಕ್ಕ ಸುಮ್ಮನೆ ಕೈ ಕಟ್ಟಿ ಕೂರುತ್ತಾರಂತೆ. ರೇಡಿಯೊ ಹಾಕಿದರೆ ಆರಿಸು ಎನ್ನುತ್ತಾರಂತೆ. ನಿನಗೆ ನೋವಾಗಬಾರದೆಂದು ಅವರು ಅಷ್ಟನ್ನೂ ಬಿಟ್ಟುಕೊಟ್ಟು ಕೂತಿದ್ದಾರೆ. ಅದಕ್ಕೇ ನಾನು ಇವತ್ತು ಅಪ್ಪನಿಗೆ ಕೊಟ್ಟ ಮಾತು ಮುರಿದೆ. ಮುರಿದದ್ದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ.

ನನ್ನ ಮದುವೆಯ ಹಿಂದಿನ ದಿನ ನೀನು ಹೇಳಿದ್ದೆಯಲ್ಲ. ಓದು ಬಿಟ್ಟ ಮೇಲೆ ಅಪ್ಪನ ಜೊತೆ ಕಾರ್ಖಾನೆಗೆ ಹೋದದ್ದು, ಅವರು ಮುಗಿಸಿಟ್ಟ ಅಚ್ಚೊಂದನ್ನು ಚೆನ್ನಾಗಿ ಕಾಣಲಿ ಎಂದು ನೀನು ಉಜ್ಜಿದ್ದು, ಅದರ ಅಂಚೆಲ್ಲ ಮೊಂಡಾದದ್ದು. ಅಪ್ಪ ಬೈಯಲಿಲ್ಲ. ‘ಪರವಾಗಿಲ್ಲ ಬಿಡಪ್ಪಾ’ ಎಂದರು. ಮಾರನೆಯ ದಿನದಿಂದ ಕೆಲಸಕ್ಕೆ ಬಾ ಎಂದು ಕರೆಯಲಿಲ್ಲ. ‘ಕೆನ್ನೆಗೊಂದು ಬಿಟ್ಟಿದ್ರೆ ಅಲ್ಲೇ ಕಲಿತು ಅಲ್ಲೇ ಇರ್ತಿದ್ದೆ ಕಣೇ’ ಎಂದು ನೀನು ನನ್ನ ಮುಂದೆ ಕಣ್ಣೊರೆಸಿಕೊಂಡಿದ್ದೆ. ಅವತ್ತಿನಿಂದ ಅಪ್ಪ ನಿನ್ನೊಂದಿಗೆ ನಯವಾಗಿ ಮಾತಾಡುತ್ತಲೇ ಇದ್ದಾರೆ. ಮನೆಗೆ ಬಂದ ನೆಂಟರೊಂದಿಗೆ ಮಾತಾಡುವ ಹಾಗೆ. ನೀನೂ ನೆಂಟನ ಹಾಗೆಯೇ ಉಡುಗೊರೆ ತಂದು, ಊಟ ಮುಗಿಸಿ ಹೊರಟುಬಿಡುತ್ತೀಯ. ಅಪ್ಪನ ಮೇಲೂ ನನಗೆ ಸಿಟ್ಟಿದೆ, ಅದನ್ನು ಅವರ ಮುಖದ ಮೇಲೆಯೇ ಹೇಳಿದ್ದೇನೆ.

ಈ ಸಲವೂ ಅವರು ‘ಬಿಡಪ್ಪಾ’ ಎನ್ನುತ್ತಾರೆ. ಎನ್ನಲು ಬಿಡಬೇಡ. ಭಾನುವಾರ ಬೆಳಿಗ್ಗೆ ಬಾ, ಕೈಯಲ್ಲಿ ಏನೂ ತರಬೇಡ. ಅವರ ಎದುರಿಗೆ ಕೂತು, ‘ಉಜ್ಜಿದ್ದು ನಾನು. ಏನು ಹೋಯ್ತು ಹೇಳಿ’ ಎಂದು ಕೇಳು. ಹೇಳುವವರೆಗೆ ಏಳಬೇಡ. ಅವರು ನಯವಾಗಿ ಮಾತು ತಿರುಗಿಸಿದರೆ ಮತ್ತೆ ಕೇಳು. ಕೊನೆಗೆ ದನಿ ಏರುತ್ತದೆ. ಏರಲಿ. ಆಮೇಲೆ ಮೂವರೂ ಆ ಅಂಗಡಿಗೆ ಹೋಗೋಣ. ಲೋಹದ ಮೈಯನ್ನು ಇಷ್ಟು ವರ್ಷ ಬೆಳಕಿಗೆ ಹಿಡಿದು ನೋಡಿದ ಕಣ್ಣು ನಿನ್ನದು. ಉಬ್ಬು ಯಾವುದು, ತಗ್ಗು ಯಾವುದು ಎಂದು ನನಗಿಂತ ಬೇಗ ಕಲಿಯುತ್ತೀಯ. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತಿದೆ, ತಿಳಿದಿರಲಿ. ಬರದೇ ಇದ್ದರೆ ನಾನೇ ನಿನ್ನ ಅಂಗಡಿಗೆ ಬಂದು ಗಿರಾಕಿಗಳ ಮುಂದೆ ಮಾನ ಹರಾಜು ಹಾಕುತ್ತೇನೆ.

ಆರೋಗ್ಯ ನೋಡಿಕೋ, ಆ ಚಕ್ರದ ದೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೋ. ಅಪ್ಪನ ಬಾಯಲ್ಲಿ ನಿನಗೂ ಒಮ್ಮೆಯಾದರೂ ‘ಕತ್ತೆ’ ಎಂದು ಅನ್ನಿಸಿಕೊಳ್ಳುವ ಭಾಗ್ಯ ಸಿಗಲಿ ಎಂದು ಮನಸಾರೆ ಹಾರೈಸುತ್ತಾ,

ಕೋಪ ಇಳಿಯದ
ನಿನ್ನ ತಂಗಿ